ಕಾಯಕದ ನೆಲೆಯಲ್ಲಿ ಜೀವರಕ್ಷೆ

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ನಿಂತಿವೆ. ರೋಣ, ನರಗುಂದಗಳ ಎರೆಹೊಲಗಳು ಊರಿನಿಂದ ಬಲುದೂರ ಹಬ್ಬಿವೆ. ಅಲ್ಲಿ ದುಡಿಯುವವನಿಗೆ ವಿದ್ಯುತ್ ತಗುಲಿಯೋ ಹೃದ್ರೋಗದಿಂದಲೋ ಎದೆಬಡಿತ ತಾಳತಪ್ಪಿ ಬರಿಯ ನಡುಕವಾದರೆ, ರಕ್ತಸಂಚಾರ ಒಡನೆಯೇ ನಿಲ್ಲುತ್ತದೆ. ಚಿಕಿತ್ಸೆಯಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಉಳಿಯುವ ಸಂಭವ ಶೇಕಡಾ 7ರಿಂದ 10ರಷ್ಟು ಕುಂದುತ್ತದೆ. 108ರ ವಾಹನ ಗುಡ್ಡವೇರುವವರೆಗೆ ಮೃತ್ಯು ಕಾಯದು.

ಆ ನಡುಕವನ್ನು ವಿದ್ಯುದಾಘಾತದಿಂದ ನಿಲ್ಲಿಸಿ, ಸಹಜ ಬಡಿತಕ್ಕೆ ಎಡೆಮಾಡುವ ಯಂತ್ರವೇ ಡಿಫಿಬ್ರಿಲೇಟರ್. 1965ರಲ್ಲಿ ಬೆಲ್‌ಫಾಸ್ಟಿನ ವೈದ್ಯ ಫ್ರ್ಯಾಂಕ್ ಪ್ಯಾಂಟ್ರಿಜ್ ಆಂಬುಲೆನ್ಸಿನಲ್ಲಿ ಒಯ್ದ ಯಂತ್ರ ಸುಮಾರು 70 ಕಿಲೋ ತೂಗುತ್ತಿತ್ತು, ಇಂದಿನದು ಕೈಚೀಲದಷ್ಟು. ತಾನೇ ನುಡಿದು ದಾರಿ ತೋರುತ್ತದೆ. ಅಗತ್ಯವಿದ್ದರೆ ಮಾತ್ರ ಆಘಾತ ನೀಡಗೊಡುತ್ತದೆ. ನಟ ಪುನೀತ್ ರಾಜಕುಮಾರರು 2021ರಲ್ಲಿ ಅಗಲಿದ ಬಳಿಕ, ಅವರ ಹೆಸರಿನಲ್ಲಿ ಇಂಥ ಯಂತ್ರಗಳನ್ನಿಡುವ ಯೋಜನೆಯನ್ನು ರಾಜ್ಯ ಸರಕಾರ 2023ರಲ್ಲಿ ಸಾರಿತು.

ಆದರೆ ಯಂತ್ರ ಕೊಂಡ ಮಾತ್ರಕ್ಕೆ ಹೊಣೆ ತೀರದು. ಬೀಗ ಜಡಿದ ಕಪಾಟಿನಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ನಮ್ಮ ಬೇಸಗೆಯಲ್ಲಿ ಕಾದ ಜೀಪಿನೊಳಗೆ ಬಿಟ್ಟರೆ ಬ್ಯಾಟರಿ ಕೆಡುತ್ತದೆ, ಎದೆಗಂಟಿಸುವ ಪಟ್ಟಿಗಳು ಒಣಗುತ್ತವೆ. ಸಿದ್ಧತೆಯ ದೀಪವನ್ನು ದಿನವೂ, ಪಟ್ಟಿ-ಬ್ಯಾಟರಿಗಳ ಅವಧಿಯನ್ನು ತಿಂಗಳಿಗೊಮ್ಮೆಯೂ ನೋಡುವ ಹೊಣೆ ಒಬ್ಬನ ಹೆಸರಿಗಿರಲಿ. ಉಳಿದವರೆಲ್ಲ ಬಳಕೆ ಕಲಿತಿರಲಿ: ಮೊದಲು ವಿದ್ಯುತ್ ಕಡಿತ, ಉಸಿರಿಲ್ಲದಿದ್ದರೆ 108ಕ್ಕೆ ಕರೆ, ಯಂತ್ರ ತರುವವರೆಗೂ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುವುದು.

ಮಕ್ಕಳನ್ನು ದೂರದ ಕೆಲಸಕ್ಕೆ ಕಳಿಸುವ ತಾಯ್ತಂದೆಗಳು ಸಂಬಳದೊಡನೆ ಇದನ್ನೂ ಕೇಳಲಿ: ಯಂತ್ರ ಎಲ್ಲಿದೆ, ನೋಡಿಕೊಳ್ಳುವವರಾರು? ದೀಪಕ್ಕೆ ಎಣ್ಣೆಯನ್ನು ಕತ್ತಲಾಗುವ ಮೊದಲೇ ಎರೆಯಬೇಕಲ್ಲವೇ?