ಹಳೆ ಬಂದೂಕಿನ ಮೇಲಿನ ಕಿರೀಟ, ಸಿಂಹ, ಇಸವಿ: ಇವು ಏನು ಹೇಳುತ್ತವೆ, ಏನು ಹೇಳುವುದಿಲ್ಲ?

ತುಕ್ಕು ಹಿಡಿದ ಬಂದೂಕಿನ ಫೋಟೊ, ಕೆಳಗೆ ‘ಕ್ರಾಂತಿಕಾರಿಯ ಬಂದೂಕು, ಬೆಲೆ ಕೋಟಿಗಟ್ಟಲೆ’ ಎಂಬ ಬರಹ. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಕಿನ್ನಾಳ, ಕೊಪ್ಪಳದ ಕಡೆಯವರು ಇದನ್ನು ನಂಬುವುದು ಸಹಜ. 1858ರಲ್ಲಿ ಮುಂಡರಗಿ ಭೀಮರಾಯರು ಬ್ರಿಟಿಷರ ವಿರುದ್ಧ ಹೋರಾಡಿ ಮಡಿದದ್ದು ಕೊಪ್ಪಳದಲ್ಲೇ. ಅದಕ್ಕೂ ಮೊದಲು ಅಲ್ಲಿನ ಕೋಟೆ ಟಿಪ್ಪು ಸುಲ್ತಾನನ ವಶದಲ್ಲಿತ್ತು. ಆದರೆ ಬಂದೂಕಿನ ಗುರುತು ಅದು ಯಾವ ಸೇನೆಯದು, ಯಾವ ಕಾಲದ್ದು ಎಂದಷ್ಟೇ ಹೇಳುತ್ತದೆ. ಯಾರ ಕೈಯಲ್ಲಿತ್ತು ಎಂದು ಹೇಳುವುದಿಲ್ಲ.

ಯಾವ ಗುರುತು ಯಾರದು?

ಹಿಂಗಾಲ ಮೇಲೆ ನಿಂತ ಸಿಂಹ: ಇದು ಈಸ್ಟ್ ಇಂಡಿಯಾ ಕಂಪನಿಯ ಗುರುತು. 19ನೇ ಶತಮಾನದ ಆರಂಭದಿಂದ ಬಳಕೆಗೆ ಬಂತು. ಅದಕ್ಕೂ ಮುಂಚೆ ಹೃದಯದ ಆಕಾರದ ಮುದ್ರೆಯಿತ್ತು.

ಕಿರೀಟ, ‘ವಿ.ಆರ್.’ ಎಂಬ ಇಂಗ್ಲಿಷ್ ಅಕ್ಷರ: ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837ರಿಂದ 1901ರವರೆಗಿನದು.

‘ಜಿ.ಆರ್.ಐ.’, ‘ಇಶಾಪುರ’: ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯ 20ನೇ ಶತಮಾನದ ರೈಫಲ್. ಭಾರತ ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕ ಸ್ತಂಭದ ಸಿಂಹಗಳು ಬಂದವು. ಇದಕ್ಕೂ 1858ರ ಹೋರಾಟಕ್ಕೂ ಸಂಬಂಧವಿಲ್ಲ.

ಹುಲಿಪಟ್ಟೆ, ಪರ್ಷಿಯನ್ ಬರಹ: ಟಿಪ್ಪು ಕಾಲದ ಬಂದೂಕುಗಳಲ್ಲಿ ಕಾಣುತ್ತದೆ. ಆದರೆ ಅವನ ಮೌಲೂದಿ ಪಂಚಾಂಗವೇ ಬೇರೆ, ಅದರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಅದರ 1222ನೇ ವರ್ಷ ನಮ್ಮ ಲೆಕ್ಕದಲ್ಲಿ ಸುಮಾರು 1794. ಅದನ್ನು ನೋಡಿ ‘800 ವರ್ಷ ಹಳೆಯದು’ ಎಂದರೆ ತಪ್ಪು.

ನಕಲಿ ಹೇಗೆ ಗೊತ್ತಾಗುತ್ತದೆ?

ಇಂದಿನ ಪಾಕಿಸ್ತಾನದ ದರ್ರಾ ಆದಮ್ ಖೇಲ್ ಎಂಬಲ್ಲಿ ಕುಶಲಕರ್ಮಿಗಳು ಬ್ರಿಟಿಷ್ ರೈಫಲ್‌ಗಳನ್ನು ಮುದ್ರೆಯ ಸಮೇತ ನಕಲು ಮಾಡುತ್ತ ಬಂದಿದ್ದಾರೆ. ಅಕ್ಷರ ತಿರುಗುಮುರುಗಾಗಿದ್ದರೆ, ಸೊಟ್ಟಗಿದ್ದರೆ ಅನುಮಾನಪಡಿ. ‘ವಿ.ಆರ್.’ ಜೊತೆ 1910 ಎಂದಿದ್ದರೆ ಲೆಕ್ಕವೇ ಹೊಂದುವುದಿಲ್ಲ. ಆಗ ರಾಣಿ ತೀರಿಕೊಂಡು ಒಂಬತ್ತು ವರ್ಷವಾಗಿತ್ತು.

ಇನ್ನು ಗುರುತು ಅಸಲಿಯೇ ಆಗಿದ್ದರೂ ಅದು ವೀರರ ಬಂದೂಕು ಎನ್ನಲು ದಾಖಲೆ ಬೇಕು. ಕಂಪನಿಯ ಸೇನೆಗಾಗಿ ಒಂದೇ ಮಾದರಿಯ ಸಾವಿರಾರು ಬಂದೂಕುಗಳು ತಯಾರಾಗಿದ್ದವು.

ಮನೆಯಲ್ಲೋ ಹೊಲದಲ್ಲೋ ಸಿಕ್ಕರೆ?

ಮೊದಲು ಜೀವ. ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆ ಬಂದೂಕಿನಲ್ಲಿ ಮದ್ದು ಉಳಿದಿರಬಹುದು. ಒಣಗಿದ್ದರೆ ನೂರು ವರ್ಷದ ನಂತರವೂ ಸಿಡಿಯಬಲ್ಲದು. ಕುದುರೆ ಎಳೆಯಬೇಡಿ, ಬೆಂಕಿಯ ಹತ್ತಿರ ಒಯ್ಯಬೇಡಿ, ಮಕ್ಕಳ ಕೈಗೆ ಕೊಟ್ಟು ಫೋಟೊ ತೆಗೆಯಬೇಡಿ. ಮರಳು ಕಾಗದದಿಂದ ಉಜ್ಜಿದರೆ ಗುರುತೂ ಅಳಿಸಿಹೋಗುತ್ತದೆ.

‘ಹಳೆಯದಕ್ಕೆ ಲೈಸೆನ್ಸ್ ಬೇಡ’ ಎಂಬ ಮಾತು ಅರ್ಧಸತ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ ವಿನಾಯಿತಿ ಇರುವುದು ರಿಪೇರಿ ಮಾಡಿದರೂ ಹಾರಿಸಲಾಗದ ಹಳೆ ಆಯುಧಕ್ಕೆ ಮಾತ್ರ. ಅದನ್ನು ನೀವೇ ತೀರ್ಮಾನಿಸಬೇಡಿ, ಪೊಲೀಸರಿಗೆ ತಿಳಿಸಿ. ನೂರು ವರ್ಷ ದಾಟಿದ್ದರೆ ಅದು 1972ರ ಪುರಾತನ ವಸ್ತುಗಳ ಕಾಯ್ದೆಯಡಿಯೂ ಬರಬಹುದು. ಲೈಸೆನ್ಸ್ ಇಲ್ಲದೆ ಅಂಥ ವಸ್ತುಗಳ ವ್ಯಾಪಾರ ಮಾಡುವುದು ಅಪರಾಧ. ಹಾಗಾಗಿ ‘ಕೋಟಿ ಕೊಡುತ್ತೇವೆ’ ಎನ್ನುವ ನಂಬರಿಗೆ ಕರೆ ಮಾಡುವ ಮುನ್ನ ಯೋಚಿಸಿ.

ಮುಂದಿನ ಸಲ ಇಂಥ ಫೋಟೊ ಬಂದರೆ ಮೂರು ಪ್ರಶ್ನೆ ಕೇಳಿ: ಗುರುತು ಕಾಣುತ್ತಿದೆಯೇ? ಗುರುತಿಗೂ ಇಸವಿಗೂ ತಾಳೆಯಾಗುತ್ತದೆಯೇ? ಹೆಸರು ಹೇಳಿದ ವೀರರಿಗೂ ಈ ಬಂದೂಕಿಗೂ ನಂಟು ತೋರಿಸುವ ದಾಖಲೆ ಇದೆಯೇ? ಒಂದಕ್ಕೂ ಉತ್ತರವಿಲ್ಲದಿದ್ದರೆ ಮುಂದಕ್ಕೆ ಕಳಿಸಬೇಡಿ.