ವಂಶವಾಹಿಗಳ ನಕ್ಷೆಯಲ್ಲಿ ನಾವೆಲ್ಲಿ?

"ಮನೆಯಲ್ಲಿ ಬೇರೆ ಯಾರಿಗಾದರೂ ಸಕ್ಕರೆ ಕಾಯಿಲೆ, ಹೃದ್ರೋಗ ಇದೆಯೇ?" ವೈದ್ಯರು ಹೀಗೆ ಕೇಳಿದ್ದು ನಿಮಗೆ ನೆನಪಿರಬಹುದು. ಚಿಕಿತ್ಸೆಗೆ ಬಂದವರು ನೀವು, ಅಜ್ಜ-ಅಜ್ಜಿಯರ ವಿಷಯ ಅವರಿಗೇಕೆ? ಅನೇಕ ಕಾಯಿಲೆಗಳ ಸಾಧ್ಯತೆ ವಂಶವಾಹಿಗಳ ಮೂಲಕ ಮಕ್ಕಳು, ಮೊಮ್ಮಕ್ಕಳಿಗೆ ದಾಟಬಲ್ಲದು.

ನಮ್ಮ ಜೀವಕೋಶಗಳಲ್ಲಿರುವ ಡಿ.ಎನ್.ಎ. ಸುಮಾರು 300 ಕೋಟಿ ಅಕ್ಷರಗಳ ಒಂದು ಪುಸ್ತಕವಿದ್ದಂತೆ. ಜಗತ್ತಿನ ಯಾವ ಇಬ್ಬರ ಪುಸ್ತಕಗಳನ್ನು ಹೋಲಿಸಿದರೂ ಸಾವಿರದಲ್ಲಿ ಸುಮಾರು 999 ಅಕ್ಷರಗಳು ಒಂದೇ. ಬಣ್ಣ, ಕುಲಗಳ ಹೆಸರಲ್ಲಿ ಹೊಡೆದಾಡುವವರು ಇದನ್ನು ಗಮನಿಸಬೇಕು. ಕಾಯಿಲೆಯ ಸುಳಿವು ಅಡಗಿರುವುದು ಉಳಿದ ಆ ಅಲ್ಪ ವ್ಯತ್ಯಾಸದಲ್ಲಿ.

ಈ ವ್ಯತ್ಯಾಸಗಳ ನಕ್ಷೆ ತಯಾರಿಸಲು 2002ರಲ್ಲಿ 'ಹ್ಯಾಪ್‌ಮ್ಯಾಪ್' ಎಂಬ ಅಂತಾರಾಷ್ಟ್ರೀಯ ಯೋಜನೆ ಆರಂಭವಾಯಿತು. ನೈಜೀರಿಯಾ, ಚೀನಾ, ಜಪಾನ್ ಮತ್ತು ಅಮೆರಿಕದ 269 ಮಂದಿಯ ಡಿ.ಎನ್.ಎ. ಪರೀಕ್ಷಿಸಿ, 10 ಲಕ್ಷಕ್ಕೂ ಹೆಚ್ಚು ವ್ಯತ್ಯಾಸಗಳಿರುವ ನಕ್ಷೆಯನ್ನು 2005ರಲ್ಲಿ ಪ್ರಕಟಿಸಲಾಯಿತು. ಅಕ್ಕಪಕ್ಕದ ವ್ಯತ್ಯಾಸಗಳು ಹೆಚ್ಚಾಗಿ ಒಟ್ಟಾಗಿಯೇ ಮಕ್ಕಳಿಗೆ ಬರುವುದರಿಂದ ಒಂದನ್ನು ನೋಡಿ ಉಳಿದವನ್ನು ಊಹಿಸಬಹುದು. ಆರೋಗ್ಯವಂತರಿಗಿಂತ ರೋಗಿಗಳಲ್ಲಿ ಹೆಚ್ಚಾಗಿ ಕಾಣುವ ವ್ಯತ್ಯಾಸ ಎಲ್ಲಿದೆಯೋ, ಅದರ ಆಸುಪಾಸಿನಲ್ಲಿ ರೋಗಕ್ಕೆ ಸಂಬಂಧಿಸಿದ ಜೀನನ್ನು ಹುಡುಕುತ್ತಾರೆ. ಮುಪ್ಪಿನಲ್ಲಿ ದೃಷ್ಟಿ ಕಸಿಯುವ ಅಕ್ಷಿಪಟಲದ ಕಾಯಿಲೆಗೆ ಕಾರಣವಾಗುವ ಜೀನೊಂದು 2005ರಲ್ಲಿ ಪತ್ತೆಯಾದದ್ದು ಹೀಗೆಯೇ.

ಆದರೆ ಆ ಮೊದಲ ನಕ್ಷೆಯಲ್ಲಿ ಭಾರತೀಯರಿರಲಿಲ್ಲ. ಇದರಿಂದೇನು ನಷ್ಟ ಎನ್ನುವಿರಾ? ಹೃದಯದ ಸ್ನಾಯುವಿಗೆ ಬೇಕಾದ ಒಂದು ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ದೋಷವು ಭಾರತ ಉಪಖಂಡದ ನೂರರಲ್ಲಿ ಸುಮಾರು ನಾಲ್ವರಲ್ಲಿದೆ. ಅದಕ್ಕೂ ಹೃದಯ ದೌರ್ಬಲ್ಯಕ್ಕೂ ಇರುವ ನಂಟನ್ನು ಹೈದರಾಬಾದಿನ ಸಿ.ಸಿ.ಎಂ.ಬಿ. ವಿಜ್ಞಾನಿಗಳು ಮತ್ತು ಅವರ ಸಂಗಡಿಗರು 2009ರಲ್ಲಿ ತೋರಿಸಿಕೊಟ್ಟರು. ಯುರೋಪಿನವರನ್ನಷ್ಟೇ ಪರೀಕ್ಷಿಸಿದ್ದರೆ ಇದು ಬೆಳಕಿಗೆ ಬರುವುದು ಕಷ್ಟವಿತ್ತು. ಈ ಕೊರತೆ ತುಂಬಲೆಂದೇ 2020ರಲ್ಲಿ ಆರಂಭವಾದ 'ಜೀನೋಮ್ ಇಂಡಿಯಾ' ಯೋಜನೆ, ಸುಮಾರು 10,000 ಭಾರತೀಯರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಟ್ಟಿತು.

ದೋಷವಿರುವ ಜೀನ್ ಇದ್ದಾಕ್ಷಣ ಕಾಯಿಲೆ ಬಂದೇ ಬರುತ್ತದೆಂದಲ್ಲ. ಆಹಾರ, ವ್ಯಾಯಾಮ, ಸಕಾಲದ ತಪಾಸಣೆಗಳಿಗೂ ಅಷ್ಟೇ ಮಹತ್ವವಿದೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ಮನೆಯ ಕಾಯಿಲೆಯನ್ನು ಮುಚ್ಚಿಡುವವರು ನಮ್ಮ ನಡುವೆಯೇ ಇದ್ದಾರೆ. ಹಾಗೆ ಮುಚ್ಚಿಟ್ಟರೆ ಮುಂದೆ ತೊಂದರೆ ಅನುಭವಿಸುವವಳು ಅದೇ ಮಗಳು. ಹಿರಿಯರು ಇರುವಾಗಲೇ ಕೇಳಿ ತಿಳಿದುಕೊಳ್ಳಿ. ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಕಾಯಿಲೆ ಬಂತೆಂದು ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ಸಲ ವೈದ್ಯರು ಕೇಳಿದಾಗ ಉತ್ತರ ನಿಮ್ಮ ಕೈಯಲ್ಲಿರಲಿ.