ಕದ್ದ ಗ್ರಂಥದ ಪಾರಾಯಣ

ಕಳೆದ ಏಕಾದಶಿಯಂದು ನಮ್ಮ ಬೀದಿಯ ಭಜನಾಮಂಡಲಿಯ ಹಿರಿಯರೊಬ್ಬರು ನನ್ನ ಮೊಬೈಲಿಗೆ ಒಂದು ಗ್ರಂಥವನ್ನು ಕಳುಹಿಸಿದರು. ಅದು ಈಚೆಗೆ ಅಚ್ಚಾದ ಗೀತಾವ್ಯಾಖ್ಯಾನ. ಯಾರೋ ಅದರ ಪುಟಪುಟವನ್ನೂ ಚಿತ್ರ ತೆಗೆದು, ಪಿಡಿಎಫ್ ಮಾಡಿ, ವಾಟ್ಸಾಪಿನಲ್ಲಿ ಹರಿಯಬಿಟ್ಟಿದ್ದರು. ನಾನೂ ಹಿಂದುಮುಂದು ನೋಡದೆ ಮೂರು ದಿನ ಸ್ನಾನಾನಂತರ ಅದನ್ನೇ ಓದಿದೆನು.

ನಾಲ್ಕನೆಯ ದಿನ ಮೊಮ್ಮಗಳು, "ತಾತ, ಇದಕ್ಕೆ ದುಡ್ಡು ಕೊಟ್ಟಿರಾ?" ಎಂದಳು. ಇಲ್ಲವೆಂದೆನು. "ನಾನು ಹೊಸ ಸಿನಿಮಾವನ್ನು ಹೀಗೆಯೇ ತರಿಸಿಕೊಂಡಾಗ ಕಳ್ಳತನವೆಂದು ಬೈದಿರಲ್ಲ!" ಎಂದಳು. ನನಗೆ ಉತ್ತರ ತೋಚಲಿಲ್ಲ.

ಸಂಜೆ ಹಿರಿಯರಲ್ಲಿ ಈ ಮಾತನ್ನೆತ್ತಿದೆನು. "ವಿದ್ಯೆ ಹಂಚಿದಷ್ಟೂ ಬೆಳೆಯುವುದು, ಮೇಷ್ಟ್ರೇ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಲಿಲ್ಲವೆ?" ಎಂದರು. ಹಂಚಿದ್ದು ನಿಜ, ಆದರೆ ತನ್ನ ದ್ರವ್ಯವನ್ನು ವೆಚ್ಚಮಾಡಿ ಹಂಚಿದಳು. ಪೊನ್ನನಿಂದ ಆ ಪುರಾಣವನ್ನು ಬರೆಯಿಸಿದವರೂ ಆಕೆಯ ತಂದೆ ಮಲ್ಲಪನೂ ಅವನ ಸೋದರ ಪುನ್ನಮಯ್ಯನೂ ಆಗಿದ್ದರು. ತನ್ನದನ್ನು ಕೊಡುವುದು ದಾನ. ಪರರದನ್ನು ಅವರನ್ನು ಕೇಳದೆ ಕೊಡುವುದಕ್ಕೆ ಆ ಹೆಸರು ಸಲ್ಲದು.

ದೈವಭಕ್ತರಾದ ನಾವು ಇಲ್ಲಿ ಎಡವುವುದೇಕೆ? ತಂಬಿಗೆಯನ್ನು ಕದ್ದರೆ ಒಡೆಯನ ಮನೆಯಲ್ಲಿ ಅದು ಇಲ್ಲವಾಗುವುದು. ಪ್ರತಿ ತೆಗೆದರೆ ಮೂಲವು ಇದ್ದಲ್ಲಿಯೇ ಇರುವುದು. ಆದಕಾರಣ ಮನಸ್ಸು ಅಳುಕುವುದಿಲ್ಲ. ಅದರ ಮೇಲೆ ದೇವರ ಹೆಸರಿದ್ದರಂತೂ ಕಳವೇ ಪುಣ್ಯವಾಗಿ ತೋರುವುದು. ಆದರೆ ವರ್ಷಗಟ್ಟಲೆ ಶ್ರಮಿಸಿ ಬರೆದ ಪಂಡಿತನಿಗೂ ಅಚ್ಚುಹಾಕಿಸಿದವನಿಗೂ ಬರತಕ್ಕ ಪ್ರತಿಫಲವು ತಪ್ಪುವುದು.

ನಮ್ಮ ಶಾಸ್ತ್ರಗಳು ಇದರಲ್ಲಿ ಸಂದಿಗ್ಧವಾಗಿಲ್ಲ. ಮನುವು ದಶಲಕ್ಷಣಧರ್ಮದಲ್ಲಿಯೂ ಪತಂಜಲಿಯು ಯಮಗಳಲ್ಲಿಯೂ ಅಸ್ತೇಯವನ್ನು ಎಣಿಸಿರುವರು. ಜೈನರ ತತ್ತ್ವಾರ್ಥಸೂತ್ರವು ಇನ್ನೂ ಸೂಕ್ಷ್ಮವಾಗಿ, ಕದಿಯುವುದಷ್ಟೇ ಅಲ್ಲ, ಕಳ್ಳನು ತಂದುದನ್ನು ಸ್ವೀಕರಿಸುವುದೂ ವ್ರತಕ್ಕೆ ದೋಷವೆನ್ನುವುದು. ನಾನು ಮಾಡಿದ್ದು ಈ ಎರಡನೆಯದು.

ಹಾಗೆಂದು ಎಲ್ಲ ಪ್ರತಿಯೂ ಕಳವಲ್ಲ. 1957ರ ಕೃತಿಸ್ವಾಮ್ಯದ ಕಾಯಿದೆಯು ಈಗ ಇರುವಂತೆ, ಗ್ರಂಥಕರ್ತನು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವನ ಕೃತಿಯು ಸರ್ವರ ಸ್ವತ್ತು. ಗೀತೆಯ ಮೂಲವನ್ನು ಯಾರು ಬೇಕಾದರೂ ಸಾವಿರ ಪ್ರತಿ ಮಾಡಿ ಹಂಚಬಹುದು; ಬದುಕಿರುವ ಪಂಡಿತನ ವ್ಯಾಖ್ಯಾನವನ್ನು ಅವನ ಅಪ್ಪಣೆಯಿಲ್ಲದೆ ಹಾಗೆ ಹಂಚಲಾಗದು.

ಮರುದಿನ ಮೊಮ್ಮಗಳ ಎದುರಿನಲ್ಲಿಯೇ ಮೊಬೈಲಿನ ಪ್ರತಿಯನ್ನು ಅಳಿಸಿ, ಅವಳನ್ನು ಕರೆದುಕೊಂಡು ಅಂಗಡಿಗೆ ಹೋಗಿ ಪುಸ್ತಕವನ್ನು ಕೊಂಡೆನು. ಓದಿ ಮುಗಿದೊಡನೆ ಅದನ್ನು ಹಿರಿಯರ ಮನೆಗೆ ಕೊಟ್ಟುಬರುವೆನು.